ಬಿಡಿಭಾಗ ಕೊಳ್ಳುವಾಗ ರೇಟಿಗಿಂತ ಮೊದಲು ನಂಬರ್ ನೋಡಿ

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಹೊರಟಿದ್ದೆವು. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುತ್ತಿದ್ದಾಗ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಗಟ್ಟಿಯಾಗೇ ಇತ್ತು. ಆದರೆ ಎಷ್ಟು ಒತ್ತಿದರೂ ಕಾರು ಹಿಡಿತಕ್ಕೆ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅವ್ವ, ಇಬ್ಬರು ಮಕ್ಕಳು. ಗೇರ್ ಇಳಿಸುತ್ತಾ ಬಂದು ಹೇಗೋ ಬದಿಗೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಾದು, ಚಕ್ರ ತಣ್ಣಗಾದ ಮೇಲೆ ಮೊದಲನೇ ಗೇರಿನಲ್ಲೇ ಕೆಳಗಿಳಿದೆವು.

ಆ ಬ್ರೇಕ್ ಪ್ಯಾಡ್ ಹಾಕಿಸಿ ಎರಡು ತಿಂಗಳೂ ಆಗಿರಲಿಲ್ಲ. ವಾಪಸ್ ಬಂದು ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ಪ್ಯಾಡಿನ ಮುಖ ಗಾಜಿನಂತೆ ಹೊಳೆಯುತ್ತಿತ್ತು. ಅಂಚನ್ನು ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. "ಇದನ್ನ ಎಲ್ಲಿಂದ ತಂದ್ರಿ ಸರ?" ಎಂದು ಮಿಸ್ತ್ರಿ ಕೇಳಿದರು. ಅಂಗಡಿಯಲ್ಲಿ "ಕಂಪನಿದು ಕೊಡ್ಲೋ, ಲೋಕಲ್ ನಡೀತೈತೋ?" ಎಂದಿದ್ದರು. ರೇಟು ಅರ್ಧಕ್ಕಿಂತ ಕಡಿಮೆ ಇತ್ತು. ನಾನು ಲೋಕಲ್ ತಂದಿದ್ದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡೋದು ಹೇಗೆ ಅಂತ ಆಮೇಲೆ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅಂಗಡಿಯ ಮಾತು ತಿಳಿದುಕೊಳ್ಳಿ

ಕಾರಿನ ಕಂಪನಿ ಎಲ್ಲ ಭಾಗವನ್ನೂ ತಾನೇ ತಯಾರಿಸುವುದಿಲ್ಲ. ಕ್ಲಚ್, ಪ್ಲಗ್, ಫಿಲ್ಟರ್, ಬೇರಿಂಗ್, ಸ್ಟಾರ್ಟರ್ ಮೋಟರ್ ಎಲ್ಲ ಬೇರೆ ಕಾರ್ಖಾನೆಗಳಿಂದ ಬರುತ್ತವೆ. ಬಾಷ್, ಡೆನ್ಸೊ, ವೇಲಿಯೊ, ಎಕ್ಸೆಡಿ, ಲೂಕಾಸ್ ಟಿವಿಎಸ್ ಅಂಥವರು ಕಾರಿನ ಕಂಪನಿಗೂ ಕೊಡುತ್ತಾರೆ, ತಮ್ಮದೇ ಡಬ್ಬಿಯಲ್ಲಿ ಅಂಗಡಿಗೂ ಕೊಡುತ್ತಾರೆ. ಕಾರಿನ ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬಂದರೆ ಅದು ಜೆನ್ಯೂಯಿನ್. ತಯಾರಕರ ಸ್ವಂತ ಹೆಸರಿನಲ್ಲಿ ಬಂದರೆ ಆಫ್ಟರ್‌ಮಾರ್ಕೆಟ್. ಎರಡನೆಯದು ಸಾಮಾನ್ಯವಾಗಿ ಅಗ್ಗ. ಹಾಗಂತ ಕೀಳು ಅಲ್ಲ.

ಲೋಕಲ್ ಅಂದರೆ ಹೆಚ್ಚು ಹೆಸರಿಲ್ಲದ ತಯಾರಕರ ಮಾಲು. ಅದರಲ್ಲಿ ಒಳ್ಳೆಯದೂ ಇರಬಹುದು, ಆದರೆ ಹೊರಗಿನಿಂದ ನೋಡಿ ಗೊತ್ತುಮಾಡಿಕೊಳ್ಳೋದು ಕಷ್ಟ. ಡುಪ್ಲಿಕೇಟ್ ಬೇರೆಯೇ. ಹೆಸರಾಂತ ಕಂಪನಿಯ ಡಬ್ಬಿಯನ್ನೇ ನಕಲು ಮಾಡಿ ಒಳಗೆ ಬೇರೇನೋ ತುಂಬಿದ್ದು. ಅದು ಅಪರಾಧ. ಅಂಗಡಿಯಲ್ಲಿ ಈ ಎರಡನ್ನೂ ಬೆರೆಸಿ ಮಾತಾಡುವುದುಂಟು, ನೀವು ಬೆರೆಸಬೇಡಿ.

ಇನ್ನು ಎಲ್ಲಿ ಹಣ ಉಳಿಸಬಹುದು ಅನ್ನೋದನ್ನು ಅಂಗಡಿಗೆ ಹೋಗುವ ಮೊದಲೇ ತೀರ್ಮಾನಿಸಿ. ಡೋರ್ ಹ್ಯಾಂಡಲ್, ಮಿರರ್ ಕವರ್, ಬಂಪರ್ ಕ್ಲಿಪ್, ಮಡ್ ಫ್ಲ್ಯಾಪ್ ಲೋಕಲ್ ತಂದರೂ ನಡೆಯುತ್ತದೆ. ಬ್ರೇಕ್, ಸ್ಟೀರಿಂಗ್, ಬಾಲ್ ಜಾಯಿಂಟ್, ಲೋವರ್ ಆರ್ಮ್, ಟೈಮಿಂಗ್ ಬೆಲ್ಟ್, ಟೈರ್ ವಿಷಯದಲ್ಲಿ ದಯವಿಟ್ಟು ಚೌಕಾಸಿ ಬೇಡ. ಇವು ಕೈಕೊಟ್ಟರೆ ಕಾರು ಕೆಟ್ಟು ನಿಲ್ಲುವುದಷ್ಟೇ ಅಲ್ಲ, ಒಳಗೆ ಕೂತವರ ಜೀವಕ್ಕೇ ಕುತ್ತು. ಮುಂದಿನ ಗಾಜು ಬದಲಿಸುವಾಗ ಮೂಲೆಯಲ್ಲಿ ಐಎಸ್‌ಐ ಗುರುತು ಇದೆಯೇ ನೋಡಿ.

"ಸ್ವಿಫ್ಟ್‌ದು ಕೊಡಿ" ಅಂದರೆ ಸಾಲದು

ಎಲ್ಲರೂ ಮಾಡುವ ತಪ್ಪು ಇದು. ಸ್ವಿಫ್ಟ್ ನಮ್ಮಲ್ಲಿ ಬಂದದ್ದು 2005ರಲ್ಲಿ. 2011, 2018, 2024ರಲ್ಲಿ ಹೊಸ ಮಾಡೆಲ್ ಬಂದವು. ನಡುವೆ 2007ರಿಂದ 2020ರವರೆಗೆ ಡೀಸೆಲ್ ಕೂಡ ಇತ್ತು. ಇಷ್ಟು ಸ್ವಿಫ್ಟ್‌ಗಳಲ್ಲಿ ನಿಮ್ಮದು ಯಾವುದು? ಫಿಲ್ಟರ್, ಪ್ಯಾಡ್, ಬೆಲ್ಟ್ ಎಲ್ಲವೂ ಬದಲಾಗಬಹುದು. ಹೆಚ್ಚುಕಮ್ಮಿ ಕೂತರೆ ಸಾಕು ಅಂತ ಹಾಕಿದ ಭಾಗ ಸ್ವಲ್ಪ ದಿನಕ್ಕೇ ತಕರಾರು ತೆಗೆಯುತ್ತದೆ.

ಆರ್‌ಸಿಯಲ್ಲಿ ಚಾಸಿಸ್ ನಂಬರ್ ಇರುತ್ತದೆ, ಅಕ್ಷರ ಅಂಕಿ ಸೇರಿ 17. ಅದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕಾರಿನ ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಆ ನಂಬರ್ ಕೊಟ್ಟರೆ ನಿಮ್ಮ ಕಾರಿಗೇ ಸೇರಿದ ಪಾರ್ಟ್ ನಂಬರ್ ಸಿಗುತ್ತದೆ. ಹಳೇ ಭಾಗ ಬಿಚ್ಚಿದ್ದರೆ ಅದರ ಮೇಲೂ ನಂಬರ್ ಕೊರೆದಿರುತ್ತದೆ. ಗ್ರೀಸ್ ಒರೆಸಿ ನೋಡಿ. ಆ ನಂಬರ್ ಹಿಡಿದು ಹೋದರೆ ಅಂಗಡಿಯವರು ಕ್ಯಾಟಲಾಗ್ ನೋಡಿ, ಬೇರೆ ತಯಾರಕರಲ್ಲಿ ಅದಕ್ಕೆ ಸಮನಾದದ್ದನ್ನು ತೆಗೆದುಕೊಡುತ್ತಾರೆ. ಸಾಧ್ಯವಾದರೆ ಹಳೇ ಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ.

ಡಬ್ಬಿ ಓದಿ

ತಯಾರಕರ ಹೆಸರು, ಪೂರ್ತಿ ವಿಳಾಸ, ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ನಂಬರ್ ಇರಬೇಕು. ಅಕ್ಷರ ಮಸುಕಾಗಿದ್ದರೆ, ಸ್ಪೆಲ್ಲಿಂಗ್ ತಪ್ಪಿದ್ದರೆ, ಡಬ್ಬಿಯ ನಂಬರಿಗೂ ಒಳಗಿನ ಭಾಗದ ನಂಬರಿಗೂ ಹೊಂದಿಕೆ ಇಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ. ಬೇರಿಂಗ್‌ನಲ್ಲಿ ನಕಲಿ ಕಾಟ ಜಾಸ್ತಿ. ಅದಕ್ಕೇ ಎಸ್‌ಕೆಎಫ್‌ನವರು ಅಥೆಂಟಿಕೇಟ್ ಎಂಬ ಆ್ಯಪ್ ಮಾಡಿದ್ದಾರೆ, ಎಫ್‌ಎಜಿ ಬೇರಿಂಗ್ ಮಾಡುವ ಶೆಫ್ಲರ್‌ನವರದ್ದು ಒರಿಜಿನ್‌ಚೆಕ್. ಅಂಗಡಿಯಲ್ಲಿ ನಿಂತೇ ನೋಡಿಕೊಳ್ಳಬಹುದು.

ಎಂಆರ್‌ಪಿಗಿಂತ ಸ್ವಲ್ಪ ಕಡಿಮೆಗೆ ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲು. ಆದರೆ ಹೆಸರಾಂತ ಕಂಪನಿಯ ಮಾಲನ್ನು ಅರ್ಧ ರೇಟಿಗೆ ಕೊಡುತ್ತೇನೆ ಅಂದರೆ ಯಾಕೆ ಅಂತ ಕೇಳಿ. ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕಿಂತ ಹಳೇ ಸ್ಟಾಕ್ ಆದರೆ ಡಬ್ಬಿಯ ಮೇಲಿನ ಬೆಲೆ ಹಳೇ ತೆರಿಗೆಯದ್ದಾಗಿರಬಹುದು. ಬಿಲ್ಲಿನಲ್ಲಿ 18 ಅಂತ ಇದೆಯಾ ನೋಡಿಕೊಳ್ಳಿ.

ಕೈಗೆ ಎತ್ತಿಕೊಂಡು ನೋಡಿ

ಬ್ರೇಕ್ ಪ್ಯಾಡ್‌ನಿಂದ ಶುರುಮಾಡುತ್ತೇನೆ. ಕಬ್ಬಿಣದ ಪಟ್ಟಿಗೂ ಉಜ್ಜುವ ಪದರಕ್ಕೂ ನಡುವೆ ಸಂದು ಇರಬಾರದು. ಅಂಚಿನಲ್ಲಿ ಬಿರುಕು ಇರಬಾರದು. ಹಲವು ಪ್ಯಾಡ್‌ಗಳ ಅಂಚಿನಲ್ಲಿ ಅಥವಾ ಬೆನ್ನಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತದೆ, ಎಫ್‌ಎಫ್, ಜಿಜಿ, ಎಫ್‌ಇ ಹೀಗೆ. ಮೊದಲ ಅಕ್ಷರ ಮಾಮೂಲಿ ಓಡಾಟದಲ್ಲಿ ಪ್ಯಾಡ್ ಎಷ್ಟು ಹಿಡಿಯುತ್ತದೆ ಅಂತ ಹೇಳುತ್ತದೆ. ಎರಡನೆಯದು ಕಾದಾಗ ಎಷ್ಟು ಹಿಡಿಯುತ್ತದೆ ಅಂತ. ಇ ಅಂದರೆ ಘರ್ಷಣೆಯ ಅಳತೆ 0.25ರಿಂದ 0.35. ಎಫ್ ಅಂದರೆ 0.35ರಿಂದ 0.45. ಜಿ ಅದಕ್ಕೂ ಮೇಲೆ. ಎಫ್‌ಇ ಅಂತಿದ್ದರೆ ಕಾದ ಮೇಲೆ ಹಿಡಿತ ಕಡಿಮೆಯಾಗುತ್ತದೆ ಎಂದರ್ಥ. ಊರೊಳಗೆ ಓಡಿಸುವಾಗ ಅದು ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತದೆ. ಬರೀ ಅಕ್ಷರ ಇದ್ದ ಮಾತ್ರಕ್ಕೆ ಪ್ಯಾಡ್ ಒಳ್ಳೇದು ಅಂತಲ್ಲ, ಆದರೆ ನಾನು ತಂದಿದ್ದ ಪ್ಯಾಡಿನಲ್ಲಿ ಅಕ್ಷರವೂ ಇರಲಿಲ್ಲ, ಹೆಸರೂ ಇರಲಿಲ್ಲ. ಪ್ಯಾಡನ್ನು ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಬೇಕು. ಪದರ 3 ಮಿ.ಮೀ.ಗೆ ಬಂದರೆ ಮತ್ತೆ ಕಾಯಬೇಡಿ.

ಬ್ರೇಕ್ ಆಯಿಲ್ ಸೀಲ್ ಒಡೆಯದ ಡಬ್ಬಿಯದ್ದೇ ಆಗಬೇಕು. ಅದು ಗಾಳಿಯಲ್ಲಿನ ನೀರಿನ ಪಸೆ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ.

ಏರ್ ಫಿಲ್ಟರ್ ಬಗ್ಗೆ ನಮ್ಮ ಕಡೆಯವರು ಇನ್ನಷ್ಟು ಹುಷಾರಾಗಿರಬೇಕು. ನವಲಗುಂದ, ಅಣ್ಣಿಗೇರಿ, ಗದಗದ ಎರೆ ಹೊಲಗಳ ನಡುವೆ ಬೇಸಿಗೆಯಲ್ಲಿ ಓಡಾಡಿದವರಿಗೆ ಆ ಧೂಳು ಎಷ್ಟು ನುಣ್ಣಗೆ ಅಂತ ಗೊತ್ತು. ಫಿಲ್ಟರ್ ಸೋರಿದರೆ ಅದು ನೇರ ಎಂಜಿನ್ನಿಗೆ ಹೋಗಿ ಪಿಸ್ಟನ್ ರಿಂಗ್ ಸವೆಸುತ್ತದೆ. ಫಿಲ್ಟರ್ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಸಮವಾಗಿ ಮಂಕಾಗಿ ಕಾಣಬೇಕು. ಚುಕ್ಕಿ ಚುಕ್ಕಿಯಾಗಿ ಹೊಳೆದರೆ ತೂತು ಇದೆ ಅಂತ. ಮಡಿಕೆಗಳ ಅಂತರ ಒಂದೇ ಸಮ ಇರಬೇಕು. ಸುತ್ತಲಿನ ರಬ್ಬರ್ ಮೆತ್ತಗಿದ್ದು, ಕಾರಿನ ಫಿಲ್ಟರ್ ಡಬ್ಬದಲ್ಲಿ ಎಲ್ಲೂ ಸಂದಿಲ್ಲದೆ ಕೂರಬೇಕು. ಎಷ್ಟು ಒಳ್ಳೇ ಕಾಗದ ಇದ್ದರೂ ಅಂಚು ಕೂರದಿದ್ದರೆ ಧೂಳು ಅಲ್ಲಿಂದಲೇ ನುಗ್ಗುತ್ತದೆ.

ಆಯಿಲ್ ಫಿಲ್ಟರಿನ ತೂತುಗಳ ಒಳಗೆ ಒಂದು ರಬ್ಬರ್ ಪದರ ಇರುತ್ತದೆ. ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಬೆರಳಿನಿಂದ ಒತ್ತಿದರೆ ಬಗ್ಗಿ ತಿರುಗಿ ಎದ್ದುಬರಬೇಕು. ಅದು ಕೆಟ್ಟದ್ದಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡು ಟಕ ಟಕ ಸದ್ದು ಬರುತ್ತದೆ. ಆಗ ಎಂಜಿನ್ ಆಯಿಲ್ ಇಲ್ಲದೆ ತಿರುಗುತ್ತಿರುತ್ತದೆ.

ಸ್ಪಾರ್ಕ್ ಪ್ಲಗ್‌ನಲ್ಲಿ ಒಂದು ಎಡವಟ್ಟು ಇದೆ. ಶಾಖವನ್ನು ಬೇಗ ಹೊರಹಾಕುವ ಪ್ಲಗ್ಗಿಗೆ ತಂಪು ಅಂತಾರೆ, ನಿಧಾನಕ್ಕೆ ಹೊರಹಾಕುವುದಕ್ಕೆ ಬಿಸಿ. ಎನ್‌ಜಿಕೆ ಕಂಪನಿಯ ಪ್ಲಗ್‌ಗಳಲ್ಲಿ ಈ ಶಾಖದ ನಂಬರ್ ಹೆಚ್ಚಾದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ನಂಬರ್ ಹೆಚ್ಚಾದಷ್ಟೂ ಬಿಸಿ. ಒಂದು ಕಂಪನಿಯ ನಂಬರ್ ನೋಡಿ ಇನ್ನೊಂದರಲ್ಲಿ ಸುಮ್ನೆ ಊಹಿಸಬೇಡಿ. ಕ್ಯಾಟಲಾಗ್ ತೆಗೆಸಿ.

ಬಿಲ್ ಇಲ್ಲದೆ ಹೊರಡಬೇಡಿ

"ಬಿಲ್ ಬ್ಯಾಡಂದ್ರ ಇನ್ನೂ ಕಡಿಮಿ ಮಾಡ್ತೀನ್ರಿ" ಎಂಬ ಮಾತಿಗೆ ಒಪ್ಪಬೇಡಿ. ನನ್ನ ಪ್ಯಾಡಿಗೆ ಬಿಲ್ ಇರಲಿಲ್ಲ, ಹಾಗಾಗಿ ಕೇಳುವ ದಾರಿಯೂ ಇರಲಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ತಯಾರಕರ ಹೆಸರು, ಪಾರ್ಟ್ ನಂಬರ್ ಎರಡನ್ನೂ ಬರೆಸಿ. ಬರೀ ಬ್ರೇಕ್ ಪ್ಯಾಡ್ ಅಂತ ಬರೆದರೆ ಉಪಯೋಗವಿಲ್ಲ. ವಾರಂಟಿ ಕಾರ್ಡ್ ಇದ್ದರೆ ಅಲ್ಲೇ ಸೀಲ್ ಹಾಕಿಸಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡೂ ಕಡೆ ಮೊದಲು ಕೇಳುವುದು ಬಿಲ್ಲನ್ನೇ.

ಭಾಗವನ್ನು ಮಿಸ್ತ್ರಿಯೇ ತರುವುದಾದರೆ ತಪ್ಪೇನಿಲ್ಲ. ಅವರಿಗೆ ಅಂಗಡಿಗಳು ಗೊತ್ತಿರುತ್ತವೆ. ಡಬ್ಬಿ ನಿಮ್ಮೆದುರೇ ಒಡೆಯಲಿ, ಖಾಲಿ ಡಬ್ಬಿ ಮತ್ತು ಹಳೇ ಭಾಗ ಎರಡನ್ನೂ ಕೇಳಿ ಪಡೆಯಿರಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಹೊರಗಿನ ಭಾಗ ಹಾಕಿಸುವ ಮುನ್ನ ವಾರಂಟಿ ಪುಸ್ತಕ ಓದಿಬಿಡಿ.

ಹೊಸ ಪ್ಯಾಡ್ ಹಾಕಿಸಿದ ಮರುದಿನವೇ ಘಾಟಿಗೆ ಹೋಗಬೇಡಿ. ಪ್ಯಾಡೂ ಡಿಸ್ಕೂ ಒಂದಕ್ಕೊಂದು ಕೂರಲು ಸುಮಾರು 300 ಕಿ.ಮೀ. ಬೇಕು. ಅಲ್ಲಿಯವರೆಗೆ ಹಗುರವಾಗಿ, ಮುಂಚಿತವಾಗಿ ಬ್ರೇಕ್ ಹಾಕುತ್ತಾ ಓಡಿಸಿ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿ.ಮೀ., ಹೋಗಿ ಬಂದರೆ 40. ದಿನಾ ಆಫೀಸಿಗೆ ಹೀಗೆ ಓಡಾಡುವವರಿಗೆ ಎಂಟು ದಿನಕ್ಕೆ ಪ್ಯಾಡ್ ಕೂತಿರುತ್ತದೆ. ಆಮೇಲೆ ಒಮ್ಮೆ ಚಕ್ರ ಬಿಚ್ಚಿಸಿ, ಎಡ ಬಲ ಪ್ಯಾಡ್‌ಗಳು ಒಂದೇ ಸಮ ಸವೆದಿವೆಯೇ ನೋಡಿಸಿ. ಮಿಸ್ತ್ರಿಗೆ ಹತ್ತು ನಿಮಿಷದ ಕೆಲಸ.