ಬೆರಳಿಗೊಂದು ಟೊಪ್ಪಿ: ಟೋನಿ ಐಯೋಮಿ ತೋರಿಸಿದ ದಾರಿಯಲ್ಲಿ ನನ್ನ ಗಿಟಾರ್

ಎಡಗೈ ಉಂಗುರ ಬೆರಳಿನ ತುದಿ ಹೋದ ಮೇಲೂ ಗಿಟಾರ್ ನುಡಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನುಡಿಸಬಹುದು. ನಾನು ನುಡಿಸುತ್ತಿದ್ದೇನೆ. ದಾರಿ ತೋರಿಸಿದ್ದು ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಐಯೋಮಿ. ಅವರ ಕೈಯ ಕತೆ ಗೊತ್ತಾದರೆ ಆ ಬ್ಯಾಂಡಿನ ಸದ್ದು ಯಾಕೆ ಅಷ್ಟು ಭಾರ ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಐಯೋಮಿ ಹುಟ್ಟಿದ್ದು 1948ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಕಾರ್ಖಾನೆಗಳ ಊರು. 17ನೇ ವಯಸ್ಸಿನಲ್ಲಿ ಒಂದು ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಬ್ಯಾಂಡ್ ಜೊತೆ ಯುರೋಪಿಗೆ ಹೊರಡಬೇಕು ಅಂತ ಕೆಲಸ ಬಿಟ್ಟಿದ್ದರು. ಅವತ್ತು ಕೊನೆಯ ದಿನ. ಮಧ್ಯಾಹ್ನ ಮನೆಗೆ ಬಂದವರು ಮತ್ತೆ ಹೋಗಲ್ಲ ಅಂದರು. ಅಮ್ಮ ಕೇಳಲಿಲ್ಲ, ಕೆಲಸ ಮುಗಿಸಿಯೇ ಬಾ ಅಂತ ವಾಪಸ್ ಕಳಿಸಿದರು. ಪ್ರೆಸ್ ಮೆಷಿನ್ ನಡೆಸುವವರು ಬಂದಿರಲಿಲ್ಲ, ಇವರನ್ನು ಅಲ್ಲಿಗೆ ಹಾಕಿದರು. ಬಲಗೈಯ ನಡುಬೆರಳು, ಉಂಗುರ ಬೆರಳು, ಎರಡರ ತುದಿಯೂ ಹೋಯಿತು. ಅವರು ಎಡಚರು. ಎಡಗೈಯಲ್ಲಿ ಮೀಟಿ ಬಲಗೈಯಲ್ಲಿ ತಂತಿ ಒತ್ತುವವರು. ಏಟು ಬಿದ್ದಿದ್ದು ಒತ್ತುವ ಕೈಗೇ.

ಇನ್ನು ಗಿಟಾರ್ ಮುಗಿಯಿತು ಅಂತ ಕೂತಿದ್ದಾಗ ಫ್ಯಾಕ್ಟರಿಯ ಮ್ಯಾನೇಜರ್ ಒಂದು ರೆಕಾರ್ಡ್ ತಂದು ಕೇಳಿಸಿದರು. ಜ್ಯಾಂಗೋ ರೈನ್‌ಹಾರ್ಟ್ ಅವರದು. 1928ರ ಬೆಂಕಿ ಅನಾಹುತದಲ್ಲಿ ಎಡಗೈ ಸುಟ್ಟು, ಸೋಲೋಗಳನ್ನು ಬರೀ ಎರಡು ಬೆರಳಲ್ಲಿ ನುಡಿಸಿದ ಜ್ಯಾಝ್ ಗಿಟಾರ್ ವಾದಕ. ಆ ಮ್ಯಾನೇಜರ್‌ಗೆ ಎಷ್ಟು ಕೈ ಮುಗಿದರೂ ಸಾಲದು.

ನನ್ನದೂ ಪ್ರೆಸ್ ಮೆಷಿನ್ನೇ. ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪ್. ನನ್ನದು ಒಂದೇ ಬೆರಳು, ಅದೂ ಉಗುರಿನ ಅರ್ಧದವರೆಗೆ. ಗಾಯ ಮಾಗಿದರೂ ಅಲ್ಲಿನ ಚರ್ಮ ತೆಳ್ಳಗೆ. ತಂತಿ ತಗುಲಿದರೆ ಜೀವ ಹೋದ ಹಾಗೆ ಆಗುತ್ತಿತ್ತು.

ಬೆರಳಿಗೆ ಟೊಪ್ಪಿ ಮಾಡಿಕೊಳ್ಳಲು ಐಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದ್ದರು. ಕಾದ ಸಾಲ್ಡರಿಂಗ್ ಐರನ್‌ನಿಂದ ಅದರಲ್ಲಿ ತೂತು ಕೊರೆದು, ಬೆರಳಿಗೆ ಕೂರುವ ತನಕ ಉಜ್ಜಿ, ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ್ದರು. ನಾನೂ ಅದನ್ನೇ ಮಾಡಿದೆ. ಶಾಂಪೂ ಬಾಟಲಿಯ ಮುಚ್ಚಳ ತಗೊಂಡು, ಟೆರೇಸ್ ಮೇಲೆ ಹೀಟ್ ಗನ್‌ನಲ್ಲಿ ಮೆತ್ತಗೆ ಮಾಡಿಕೊಂಡೆ. ಮನೆಯೊಳಗೆ ಮಾಡಬೇಡಿ, ಹೊಗೆ ಒಳ್ಳೆಯದಲ್ಲ. ತೂತು ಸ್ವಲ್ಪ ಬಿಗಿಯಾಗಿಯೇ ಇರಲಿ. ಆಮೇಲೆ ಎಮೆರಿ ಪೇಪರ್ ಸುತ್ತಿದ ಪೆನ್ಸಿಲ್‌ನಿಂದ ಒಳಗೆ ಉಜ್ಜುತ್ತಾ ಹೋದರೆ ಬೆರಳಿಗೆ ಸರಿಯಾಗಿ ಕೂರುತ್ತದೆ. ಸಡಿಲ ಆದರೆ ಬೆರಳಿಗೆ ಒಂದು ಸುತ್ತು ಪೇಪರ್ ಟೇಪ್ ಹಾಕಿ.

ನಿಜವಾದ ಕೆಲಸ ಇರುವುದು ಟೊಪ್ಪಿಯ ಮೇಲೆ ಅಂಟಿಸುವ ಚರ್ಮದಲ್ಲಿ. ಹೊಸ ಚರ್ಮ ನುಣುಪು, ತಂತಿ ಜಾರುತ್ತದೆ. ಒರಟು ಬದಿ ಹೊರಗೆ ಬಂದರೆ ತಂತಿ ಸಿಕ್ಕಿಹಾಕಿಕೊಳ್ಳುತ್ತದೆ, ಬೆರಳು ಸರಿಸುವಾಗ ಕರಕರ ಅನ್ನುತ್ತದೆ. ತುಂಬಾ ದಿನ ಬಳಸಿ ಸವೆದ ಬ್ಯಾಗಿನ ಪಟ್ಟಿಯೇ ನನಗೆ ಸರಿ ಹೋಯಿತು. ಚಪ್ಪಲಿ ಹೊಲಿಯುವವರ ಹತ್ತಿರ ಅದನ್ನು ತೆಳ್ಳಗೆ ಕೆತ್ತಿಸಿಕೊಂಡೆ.

ಟೊಪ್ಪಿ ಹಾಕಿದ ಬೆರಳಿಗೆ ತಂತಿ ಗೊತ್ತಾಗುವುದಿಲ್ಲ. ಎಷ್ಟು ಒತ್ತುತ್ತಿದ್ದೇವೆ ಅನ್ನುವ ಅಂದಾಜು ಕಿವಿಯಿಂದಲೇ ಸಿಗಬೇಕು. ಐಯೋಮಿ ಇದಕ್ಕೆ ತಂತಿಯನ್ನೇ ಸಡಿಲ ಮಾಡಿಕೊಂಡರು. ಆಗ ತೆಳು ತಂತಿಯ ಸೆಟ್ ಸಿಗುತ್ತಿರಲಿಲ್ಲ, ಹಾಗಾಗಿ ಬ್ಯಾಂಜೋ ತಂತಿ ತಂದು ಹಾಕಿಕೊಂಡರು. 1971ರ ಮೂರನೇ ಆಲ್ಬಮ್ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಗಿಟಾರಿನ ಕುತ್ತಿಗೆ ಮೇಲಿನ ಲೋಹದ ಪಟ್ಟಿ) ಇಳಿಸಿದರು, 'ಇ'ಯಿಂದ 'ಸಿ ಶಾರ್ಪ್'ಗೆ. ಬೆರಳಿಗೂ ಹಗುರ, ಸದ್ದೂ ದಪ್ಪ. ಹೆವಿ ಮೆಟಲ್‌ನಲ್ಲಿ ಇವತ್ತು ಎಲ್ಲರೂ ಶ್ರುತಿ ಇಳಿಸುತ್ತಾರಲ್ವಾ, ಅದರ ಬೇರು ಇಲ್ಲಿದೆ.

ನಾನು 9 ಗೇಜ್‌ನ ತೆಳು ತಂತಿಯ ಸೆಟ್ ಹಾಕಿ ಶ್ರುತಿ ಇಳಿಸಿದಾಗ ತಂತಿಗಳು ಫ್ರೆಟ್‌ಗೆ ತಗುಲಿ ಝರ್ ಅನ್ನತೊಡಗಿದವು. ಎಳೆತ ಕಮ್ಮಿಯಾದರೆ ಕುತ್ತಿಗೆಯ ಬಾಗು ಹೋಗುತ್ತದೆ. ಕುತ್ತಿಗೆಯೊಳಗಿನ ಕಬ್ಬಿಣದ ಸರಳು, ಅಂದರೆ ಟ್ರಸ್ ರಾಡ್, ಒಂಚೂರು ಸಡಿಲ ಮಾಡಿದರೆ ಸರಿ ಹೋಗುತ್ತದೆ. ಒಂದೇ ಸಲ ಜಾಸ್ತಿ ತಿರುಗಿಸಬೇಡಿ, ಕಾಲು ಸುತ್ತು ಸಾಕು. ಇನ್ನೊಂದು ತೊಂದರೆ, ಸಡಿಲ ತಂತಿಯನ್ನು ಗಟ್ಟಿಯಾಗಿ ಒತ್ತಿದರೆ ಸ್ವರ ಮೇಲಕ್ಕೆ ಹೋಗುತ್ತದೆ. ಟೊಪ್ಪಿ ಬೆರಳು ಗಟ್ಟಿಯಾಗಿಯೇ ಒತ್ತುತ್ತದೆ. ಶ್ರುತಿ ತೋರಿಸುವ ಟ್ಯೂನರ್ ಮುಂದಿಟ್ಟುಕೊಂಡು, ಮುಳ್ಳು ನಡುವೆ ನಿಲ್ಲುವ ತನಕ ಒಂದೇ ಸ್ವರ ಒತ್ತಿ ಒತ್ತಿ ಕೂತಿದ್ದೇನೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

ಆಮೇಲೆ ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡಿಗೆ ಕೈ ಹಾಕಿದೆ. ಅದಕ್ಕೆ ಶ್ರುತಿ ಇಳಿಸುವುದೂ ಬೇಡ. ಮೂರೇ ಸ್ವರ: ಜಿ, ಮೇಲಿನ ಜಿ, ಸಿ ಶಾರ್ಪ್. ನಮ್ಮ ಲೆಕ್ಕದಲ್ಲಿ ಷಡ್ಜ, ಮೇಲಿನ ಷಡ್ಜ, ಪ್ರತಿಮಧ್ಯಮ. ಆ ಕೊನೆಯ ಸ್ವರವನ್ನು ಅಲುಗಿಸುವ ಜಾಗದಲ್ಲಿ ನನ್ನ ಟೊಪ್ಪಿ ಟಕ್ ಟಕ್ ಅನ್ನುತ್ತಿತ್ತು. ಅದನ್ನು ಕಿರುಬೆರಳಿಗೆ ಕೊಟ್ಟೆ, ಸದ್ದು ನಿಂತಿತು. ಇಡೀ ಆಲ್ಬಮ್ಮನ್ನು ಅವರು 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಒಂದೇ ದಿನ ನುಡಿಸಿ ಮುಗಿಸಿದ್ದರು. ರೆಕಾರ್ಡಿಂಗ್ ನಡುವೆ ಸ್ಟ್ರಾಟೋಕಾಸ್ಟರ್ ಗಿಟಾರಿನ ಪಿಕಪ್ (ತಂತಿಯ ಸದ್ದು ಹಿಡಿಯುವ ಭಾಗ) ಕೆಟ್ಟು ಎಸ್‌ಜಿ ಗಿಟಾರ್ ಎತ್ತಿಕೊಂಡರು. ಮುಂದೆ ಅದೇ ಅವರ ಗುರುತಾಯಿತು. ಎಸ್‌ಜಿಯ ತಂತಿ ಉದ್ದ ಸ್ಟ್ರಾಟೋಕಾಸ್ಟರ್‌ಗಿಂತ ಕಮ್ಮಿ, ಹಾಗಾಗಿ ಎಳೆತವೂ ಕಮ್ಮಿ. ನಾನು ತಗೊಂಡಿದ್ದೂ ಅದೇ ಆಕಾರದ ಅಗ್ಗದ ಗಿಟಾರ್.

ಆ ಕೈ ಐವತ್ತು ವರ್ಷಕ್ಕೂ ಜಾಸ್ತಿ ದುಡಿಯಿತು. ಹಾಡುಗಾರರು ಬಂದರು, ಹೋದರು. ಸಬ್ಬತ್‌ನಲ್ಲಿ ಕೊನೆಯವರೆಗೂ ಉಳಿದವರು ಐಯೋಮಿ. 2012ರಲ್ಲಿ ಲಿಂಫೋಮಾ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆ ತಗೊಳ್ಳುತ್ತಲೇ ನುಡಿಸಿದರು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಮೊದಲಿನ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಜುಲೈ 22ಕ್ಕೆ ಅವರ ಹಾಡುಗಾರ ಆಝಿ ಆಸ್ಬರ್ನ್ ತೀರಿಕೊಂಡರು. ಆ ಕಾರ್ಯಕ್ರಮದ ವಿಡಿಯೋ ನೋಡುವಾಗ ನನ್ನ ಕಣ್ಣು ಐಯೋಮಿಯ ಬಲಗೈ ಬಿಟ್ಟು ಕದಲಲಿಲ್ಲ.

ನಿಮ್ಮ ಬೆರಳಿಗೂ ಹೀಗೇ ಆಗಿದ್ದರೆ, ಗಾಯ ಪೂರ್ತಿ ಮಾಗಿದೆ ಅಂತ ಡಾಕ್ಟರ್ ಹೇಳುವ ತನಕ ಟೊಪ್ಪಿ ಹಾಕಬೇಡಿ. ಬೆವರಿದರೆ ತೆಗೆದು ಒರೆಸಿ, ಒಳಗೆ ಚರ್ಮ ಬೆಳ್ಳಗಾದರೆ ಅವತ್ತಿಗೆ ನಿಲ್ಲಿಸಿ. ಇನ್ನೊಂದು ಟೊಪ್ಪಿ ಯಾವಾಗಲೂ ಗಿಟಾರ್ ಬ್ಯಾಗಿನಲ್ಲಿರಲಿ. ಹೊಸ ಗಿಟಾರ್‌ಗೆ ದುಡ್ಡು ಹಾಕುವ ಮುಂಚೆ, ಇರುವ ಗಿಟಾರ್‌ಗೆ ತೆಳು ತಂತಿ ಹಾಕಿಸಿ ನೋಡಿ.