ಬಾಲ್ ಕಿತ್ಕೊಳ್ಳೋ ಕೆಲಸ: ಮಿಡ್‌ಫೀಲ್ಡಲ್ಲಿ ನನ್ನ ಅನುಭವ

14 ಸೀಸನ್ ಪ್ರೊಫೆಷನಲ್ ಆಗಿ ಫುಟ್ಬಾಲ್ ಆಡಿದೀನಿ, ಹೆಚ್ಚು ಕಮ್ಮಿ ಅಷ್ಟೂ ವರ್ಷ ಒಂದೇ ಜಾಗದಲ್ಲಿ, ಡಿಫೆಂಡರ್‌ಗಳ ಮುಂದೆ. ಜನ ನನ್ನನ್ನ ಒರಟ, ಜಗಳಗಂಟ ಪ್ಲೇಯರ್ ಅಂತಾನೇ ನೆನಪಿಟ್ಕೊಂಡಿದಾರೆ. ಅದ್ರಲ್ಲಿ ಅರ್ಧ ನಿಜ. ಇನ್ನರ್ಧ ಯಾರೂ ಕೇಳ್ಲಿಲ್ಲ, ಅದಕ್ಕೇ ಬರೀತಿದೀನಿ.

17ನೇ ವಯಸ್ಸಲ್ಲಿ ನಾನು ಸ್ಟ್ರೈಕರ್ ಹಿಂದೆ ಆಡ್ತಿದ್ದೆ, ಗೋಲ್ ಹೊಡೀಬೇಕು ಅನ್ನೋದೇ ಆಸೆ. ಒಂದಿನ ಕೋಚ್ ಪ್ರಾಕ್ಟೀಸ್ ನಿಲ್ಸಿ ಪಕ್ಕಕ್ಕೆ ಕರ್ದು, "ಬಾಲ್ ಕಳ್ಕೊಂಡ ಮೇಲೆ ನೀನು ಓಡೋ ಥರ ಬಾಲ್ ಕಾಲಲ್ಲಿದ್ದಾಗ ಯಾವತ್ತೂ ಓಡಿಲ್ಲ, ಗಮನಿಸಿದೀಯಾ?" ಅಂದ್ರು. ಮಾರನೇ ದಿನದಿಂದ 20 ಮೀಟರ್ ಹಿಂದೆ ನಿಲ್ಸಿದ್ರು. ಮೊದಲ ವಾರ ಅವಮಾನ ಆದಂಗಿತ್ತು. ಒಂದು ತಿಂಗಳಲ್ಲಿ ಗೊತ್ತಾಯ್ತು, ನನ್ನ ಜಾಗ ಇದೇ ಅಂತ.

ಆದ್ರೆ ಶುರುವಿನ ಎರಡು ಮೂರು ಸೀಸನ್ ನಾನು ಆಡಿದ್ದು ತಪ್ಪು ಆಟ. ಮೊದಲ ಹತ್ತು ನಿಮಿಷದಲ್ಲೇ ಎದುರು ಟೀಮಿನ ಒಳ್ಳೇ ಪ್ಲೇಯರಿಗೆ ಒಂದು ಸರಿಯಾಗಿ ಕೊಟ್ರೆ ಅವನು ಮ್ಯಾಚ್ ಪೂರ್ತಿ ಹೆದರ್ಕೊಂಡಿರ್ತಾನೆ ಅಂತ ನಂಬಿದ್ದೆ, ಹಾಗೆ ಹೇಳ್ಕೊಡೋರೂ ಇದ್ರು. ಒಂದು ಮ್ಯಾಚಲ್ಲಿ ಹಾಗೇ ಒಂಬತ್ತನೇ ನಿಮಿಷಕ್ಕೆ ಯೆಲ್ಲೋ ಕಾರ್ಡ್ ತಗೊಂಡೆ, ಫಸ್ಟ್ ಹಾಫ್ ಮುಗಿಯೋ ಮುಂಚೆ ಬಾಲ್ ಹೋದ ಮೇಲೆ ಕಾಲು ಹಾಕಿ ಇನ್ನೊಂದು ಲೇಟ್ ಟ್ಯಾಕಲ್, ಎರಡನೇ ಯೆಲ್ಲೋ ಆಗಿ ರೆಡ್ ಕಾರ್ಡ್, ಆಟದಿಂದ ಹೊರಗೆ. ಡ್ರೆಸಿಂಗ್ ರೂಮಲ್ಲಿ ಒಬ್ಬನೇ ಕೂತಿದ್ದೆ, ಗೋಡೆ ಆಚೆಯಿಂದ ಜನರ ಕೂಗು ಕೇಳ್ತಿತ್ತು, ಯಾರು ಗೋಲ್ ಹೊಡೆದ್ರು ಅಂತ ಕೂಗಲ್ಲೇ ಊಹಿಸ್ತಾ ಇದ್ದೆ. ಹತ್ತೇ ಜನ ಕೊನೇವರೆಗೂ ತಡ್ಕೊಂಡು, ಕೊನೇ ಐದು ನಿಮಿಷದಲ್ಲಿ ಸೋತ್ರು. ನಮ್ಮ ಸೀನಿಯರ್ ಡಿಫೆಂಡರ್ ಬಂದು ನನ್ನ ಎದುರಿಗೇ ಕೂತು ಬೂಟಿನ ಲೇಸ್ ಬಿಚ್ಚೋಕೆ ಬಗ್ಗಿದ್ರು, ಮೀನಖಂಡ ಹಿಡ್ಕೊಂಡು ಗಂಟು ಗಂಟಾಗಿ ನಿಂತಿತ್ತು, ಬಗ್ಗೋಕೇ ಆಗ್ತಿರ್ಲಿಲ್ಲ. ನಾನು ಹೋಗಿ ಲೇಸ್ ಬಿಚ್ಚಿದೆ. ಅವರು ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಇಷ್ಟು ವರ್ಷ ನೆನಪಿರ್ತಿರ್ಲಿಲ್ಲವೇನೋ.

ಆ ರೆಡ್ ಕಾರ್ಡಿಂದ ಬ್ಯಾನ್ ಇದ್ದ ದಿನಗಳಲ್ಲಿ ಹಳೇ ಮ್ಯಾಚ್‌ಗಳನ್ನ ಕೂತು ನೋಡಿದೆ. 1999ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಟ್ಯೂರಿನ್‌ನಲ್ಲಿ ಯುವೆಂಟಸ್ ಮತ್ತೆ ಮ್ಯಾಂಚೆಸ್ಟರ್ ಯುನೈಟೆಡ್. ಹನ್ನೊಂದು ನಿಮಿಷಕ್ಕೇ ಯುನೈಟೆಡ್ ಎರಡು ಗೋಲ್ ಹಿಂದೆ. ಯುನೈಟೆಡ್ ಕ್ಯಾಪ್ಟನ್, ಮಿಡ್‌ಫೀಲ್ಡರ್ ರಾಯ್ ಕೀನ್ ಹೆಡರಲ್ಲಿ ಒಂದು ವಾಪಸ್ ತರ್ತಾರೆ, ಸ್ವಲ್ಪ ಹೊತ್ತಲ್ಲೇ ಯುವೆಂಟಸ್‌ನ ಜಿದಾನ್ ಮೇಲೆ ಫೌಲ್ ಮಾಡಿ ಯೆಲ್ಲೋ ಕಾರ್ಡ್, ಆ ಕಾರ್ಡಿಂದ ಬ್ಯಾನ್ ಆಗಿ ಅವರಿಗೆ ಫೈನಲ್ ಆಡೋದು ಕೈ ತಪ್ಪಿತು. ಅದ್ರ ಬಗ್ಗೆ ಎಲ್ರೂ ತ್ಯಾಗ ಅದು ಇದು ಅಂತಾರೆ. ನನಗೆ ಕಂಡಿದ್ದು ಬೇರೆ. ಕಾರ್ಡ್ ಬಿದ್ದ ಮೇಲೂ ಸುಮಾರು ಒಂದು ಗಂಟೆ ಆಟ ಬಾಕಿ ಇತ್ತು, ಆ ಒಂದು ಗಂಟೆ ಅವರು ಒಂಚೂರೂ ಹಿಂದೆ ಸರೀಲಿಲ್ಲ, ಆದ್ರೆ ಎರಡನೇ ಕಾರ್ಡೂ ಬೀಳ್ಲಿಲ್ಲ, 3-2 ಗೆದ್ರು. ಅದು ಹೆಂಗೆ ಸಾಧ್ಯ ಅಂತ ರಿವೈಂಡ್ ಮಾಡಿ ಮಾಡಿ ನೋಡ್ದೆ. ಬಾಲ್ ಬರೋ ಮುಂಚೆನೇ ಅವರು ಅಲ್ಲಿರ್ತಿದ್ರು, ಅಷ್ಟೇ. ನಾನು ಅರ್ಧ ಸೆಕೆಂಡ್ ಲೇಟಾಗಿ ಹೋಗಿ ಕಾಲು ಹೊಡೀತಿದ್ದೆ.

ಆ ಅರ್ಧ ಸೆಕೆಂಡ್ ಸಂಪಾದಿಸೋದನ್ನೇ ಅಲ್ಲಿಂದ ಮುಂದೆ ಕಲಿತಿದ್ದು. ಬಾಲ್ ದೂರ ಇದ್ದಾಗ ಬಾಲನ್ನೇ ನೋಡ್ತಾ ನಿಲ್ಲಬಾರ್ದು, ಎರಡೂ ಭುಜದ ಹಿಂದೆ ಕತ್ತು ತಿರುಗಿಸಿ ನೋಡ್ತಾನೇ ಇರ್ಬೇಕು, ಯಾರು ಎಲ್ಲಿ ನಿಂತಿದಾನೆ, ಯಾರು ಕೈ ತೋರ್ಸಿ ಬಾಲ್ ಕೇಳ್ತಿದಾನೆ. ಪಾಸ್ ಕೊಡೋನು ತಲೆ ಬಗ್ಗಿಸಿ ಬಾಲ್ ನೋಡೋ ಕ್ಷಣ ಇದೆಯಲ್ಲ, ಅದೇ ನೀವು ಹೊರಡೋ ಟೈಮ್, ಆಮೇಲೆ ಅವನು ಮನಸ್ಸು ಬದಲಾಯಿಸೋದು ಕಷ್ಟ. ಬಾಲ್ ತಗೊಂಡೋನು ಮೊದಲ ಟಚ್ ಮಾಡ್ದಾಗ ಬಾಲ್ ಅವನ ಕಾಲಿಂದ ಒಂದು ಮೀಟರ್ ಆಚೆ ಹೋದ್ರೆ ಅದು ನಂದು. ಕಾಲಿಗೇ ಅಂಟ್ಕೊಂಡಿದ್ರೆ ಧುಮುಕಲ್ಲ, ಪಕ್ಕಕ್ಕೆ ತಿರುಗಿ ನಿಂತು ಅವನನ್ನ ಮೈದಾನದ ಅಂಚಿನ ಲೈನ್ ಕಡೆ ತಳ್ತಾ ಹೋಗ್ತೀನಿ, ಲೈನ್ ನನಗೆ ಇನ್ನೊಬ್ಬ ಡಿಫೆಂಡರ್ ಇದ್ದಂಗೆ.

ಇನ್ನು ಇಬ್ರೂ ಒಟ್ಟಿಗೆ ಬಾಲಿಗೆ ಬರೋ 50-50 ಟ್ಯಾಕಲ್. ಊರೋ ಕಾಲು ಬಾಲಿನ ಪಕ್ಕಕ್ಕೇ ಬರ್ಬೇಕು, ಮಂಡಿ ಬಗ್ಗಿರ್ಬೇಕು, ಮೈಭಾರ ಬಾಲಿನ ಮೇಲಿರ್ಬೇಕು, ಹೊಡೆಯೋ ಪಾದದ ಹಿಮ್ಮಡಿ ಗಂಟು ಬಿಗಿ ಹಿಡ್ದು ಪಾದದ ಒಳಭಾಗದಿಂದ ಬಾಲಿನ ನಡು ಮಧ್ಯಕ್ಕೆ. ಬೂಟಿನ ತಳದ ಸ್ಟಡ್ಸ್ ಮೇಲೆತ್ತಬಾರ್ದು. ಅರೆಮನಸ್ಸಲ್ಲಿ ಕಾಲು ಚಾಚಿದ್ರೆ ಪೆಟ್ಟಾಗೋದು ನಿಮಗೇ, ನನಗೆ ಮೊಣಕಾಲು ತಿರುಚಿದ್ದು ಹಂಗೇ, ಬಿಡ್ಲಾ ಹೋಗ್ಲಾ ಅಂತ ಯೋಚಿಸ್ತಾ ಕಾಲಿಟ್ಟಾಗ. ಸ್ಲೈಡಿಂಗ್ ಟ್ಯಾಕಲ್ ಟಿವೀಲಿ ಚೆನ್ನಾಗಿ ಕಾಣುತ್ತೆ, ಆದ್ರೆ ನೆಲಕ್ಕೆ ಬಿದ್ದ ಮೇಲೆ ಎದ್ದು ನಿಲ್ಲೋವರೆಗೂ ನೀವು ಆಟದಲ್ಲಿ ಇಲ್ಲ, ಟೀಮಲ್ಲಿ ಒಬ್ಬ ಕಮ್ಮಿ.

ರೂಲ್ಸೂ ಸರಿಯಾಗಿ ಓದ್ಕೊಂಡೆ, ಇದನ್ನ ಬಹಳ ಜನ ಮಾಡಲ್ಲ. ರೂಲ್ 12ರ ಪ್ರಕಾರ ಬರೀ ಎಚ್ಚರ ತಪ್ಪಿ ಮಾಡಿದ ಫೌಲಿಗೆ ಕಾರ್ಡ್ ಇಲ್ಲ, ಎದುರಿನವನಿಗೆ ಏನಾಗುತ್ತೆ ಅಂತ ಲೆಕ್ಕಿಸದೆ ನುಗ್ಗಿದ್ರೆ ಯೆಲ್ಲೋ, ಮಿತಿ ಮೀರಿದ ಬಲ ಹಾಕಿದ್ರೆ ರೆಡ್. ಬಾಲ್ ಮುಟ್ಟಿದೆ ಅನ್ನೋದು ನಿಮ್ಮನ್ನ ಕಾಪಾಡಲ್ಲ. ಮೊದಲೆಲ್ಲ ರೆಫ್ರಿ ಹತ್ರ ಕೂಗಾಡ್ತಿದ್ದೆ, ಆಮೇಲೆ ಫೌಲ್ ಮಾಡಿದ ತಕ್ಷಣ ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಿ ನನ್ನ ಜಾಗಕ್ಕೆ ಹೋಗೋದು ರೂಢಿ ಮಾಡ್ಕೊಂಡೆ. ನಾಟಕ ಅಲ್ಲ ಅದು. ಅವನಿಗೂ ಮನೇಲಿ ಕಾಯೋರಿರ್ತಾರೆ.

ನನ್ನ ಜಾಗದಲ್ಲೇ ಆಡಿದ ಫ್ರಾನ್ಸಿನ ಮಕೆಲೆಲೆ, ಕಾಂಟೆ ಇಬ್ರ ಆಟ ನೋಡಿದ್ರೆ ನಾನು ಹೇಳ್ತಿರೋದು ಇನ್ನೂ ಅರ್ಥ ಆಗುತ್ತೆ. ಇಬ್ರೂ ಎತ್ತರದ ಆಳಲ್ಲ, ಹೆದರಿಸೋ ಮುಖ ಅಲ್ಲ. ಕಾಂಟೆ 2016ರಲ್ಲಿ ಲೆಸ್ಟರ್ ಜೊತೆ, 2017ರಲ್ಲಿ ಚೆಲ್ಸಿ ಜೊತೆ, ಸತತ ಎರಡು ವರ್ಷ ಎರಡು ಬೇರೆ ಟೀಮಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ರು. ಅವರು ಬಾಲ್ ತಗೊಂಡು ಹೋದದ್ದು ಎದುರಿನವನಿಗೆ ಎರಡು ಹೆಜ್ಜೆ ಆದ್ಮೇಲೆ ಗೊತ್ತಾಗುತ್ತೆ.

ಮೈ ಬಗ್ಗೆ ಸುಳ್ಳು ಹೇಳಲ್ಲ. ನಮ್ಮ ಜಾಗದಲ್ಲಿ ಒಂದು ಮ್ಯಾಚಿಗೆ 10–12 ಕಿಲೋಮೀಟರ್ ಓಟ, ಅದೂ ನಿಲ್ಲು ತಿರುಗು ಮತ್ತೆ ಓಡು, ಎಲ್ಲಾ ಭಾರ ತೊಡೆ ಸಂದಿಗೆ ಬೀಳುತ್ತೆ. ಒಂದು ಸೀಸನ್ ಪೂರ್ತಿ ಆ ನೋವಿಟ್ಕೊಂಡು ಮಾತ್ರೆ ನುಂಗಿ ಆಡ್ದೆ, ಯಾರಿಗೂ ಹೇಳ್ಲಿಲ್ಲ, ಹೇಳಿದ್ರೆ ಜಾಗ ಹೋಗುತ್ತೆ ಅನ್ನೋ ಭಯ. ಆರು ವಾರದಲ್ಲಿ ವಾಸಿಯಾಗ್ಬಹುದಿದ್ದದ್ದು ಏಳು ತಿಂಗಳು ತಿಂತು. ಇದೊಂದು ವಿಷಯದಲ್ಲಿ ಚಿಕ್ಕ ಹುಡುಗರಿಗೆ ಕೈ ಮುಗಿದು ಕೇಳ್ಕೋತೀನಿ, ನೋವಾದ ದಿನಾನೇ ಫಿಸಿಯೋಗೆ ಹೇಳಿ.

32 ದಾಟಿದ ಮೇಲೆ ಕಾಲು ಮೊದಲಿನಂಗೆ ಕೇಳ್ತಿರ್ಲಿಲ್ಲ. ಆಗಿನ ಕೋಚ್ ಐದು ಮೀಟರ್ ಹಿಂದೆ ನಿಂತು ಆಡು ಅಂದ್ರು, ಅಷ್ಟೇ ಬದಲಾವಣೆ. ಆ ಐದು ಮೀಟರ್ ನನಗೆ ಇನ್ನೂ ಎರಡು ಸೀಸನ್ ಕೊಡ್ತು. ಆಟ ಪೂರ್ತಿ ಕಣ್ಣ ಮುಂದೆ ಕಾಣ್ತಿತ್ತು, ಓಡೋದು ಕಮ್ಮಿ ಆಯ್ತು, ಕಾರ್ಡೂ ಕಮ್ಮಿ ಆಯ್ತು. ಕೊನೇ ಮ್ಯಾಚ್‌ನ 80ನೇ ನಿಮಿಷ ಇರ್ಬೇಕು, ಅವರ ಹುಡುಗ ತಲೆ ಬಗ್ಗಿಸಿದ್ದು ಕಾಣ್ತು, ಮೂರು ಹೆಜ್ಜೆ ಎಡಕ್ಕೆ ಹೋದೆ, ಪಾಸ್ ಸೀದಾ ನನ್ನ ಕಾಲಿಗೇ ಬಂತು, ನಿಂತಲ್ಲೇ ಹತ್ತಿರದವನಿಗೆ ಕೊಟ್ಟೆ. ಸ್ಟೇಡಿಯಂನಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಂಚಲ್ಲಿ ಕೋಚ್ ಮಾತ್ರ ಎದ್ದು ನಿಂತಿದ್ರು.