ಡೇಟಾ ಸೆಂಟರಿನ ವಿದ್ಯುತ್ತು ಮತ್ತು ನೀರು: ಎರಡನ್ನೂ ಒಟ್ಟಿಗೆ ಅಳೆದ ಅನುಭವ

ಬೆಂಗಳೂರಿನ ಮಧ್ಯಮ ಗಾತ್ರದ ಡೇಟಾ ಸೆಂಟರೊಂದರಲ್ಲಿ ವಿದ್ಯುತ್ತು ಮತ್ತು ಕೂಲಿಂಗ್ ವ್ಯವಸ್ಥೆಯ ಉಸ್ತುವಾರಿ ನನ್ನದು. ಸರ್ವರ್‌ಗೆ ಹೋಗುವ ಪ್ರತಿ ಯೂನಿಟ್ ವಿದ್ಯುತ್ತೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತೆ ವಿದ್ಯುತ್ತು ಬೇಕು, ಹಲವು ಕಡೆ ನೀರೂ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್, ಅಂದರೆ ಒಟ್ಟು ವಿದ್ಯುತ್ ಬಳಕೆಯ ಶೇ 1.5ರಷ್ಟು. ಇದರಲ್ಲಿ ನಮ್ಮ ಪಾಲನ್ನು ತಗ್ಗಿಸುವುದು ನಮ್ಮ ಹೊಣೆ ಎಂದು ನಂಬಿ ಕೆಲಸಕ್ಕೆ ತೊಡಗಿದೆವು.

ಹೊಸ ಯಂತ್ರ ಕೊಳ್ಳುವ ಮೊದಲು ಗಾಳಿ ಎಲ್ಲಿ ಪೋಲಾಗುತ್ತಿದೆ ಎಂದು ನೋಡಬೇಕಿತ್ತು. ಹೊಗೆ ಬಿಟ್ಟು ನೋಡಿದರೆ ಅಗ್ನಿ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಹಾಗಾಗಿ ಉದ್ದನೆಯ ಕಡ್ಡಿಯ ತುದಿಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು, ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕ್‌ಗಳ ಮುಂದೆ ನಡೆದೆವು. ಸರ್ವರ್ ಇಲ್ಲದ ಖಾಲಿ ಜಾಗದ ಮುಂದೆ ಪಟ್ಟಿ ನಮ್ಮ ಕಡೆಗೇ ಹಾರಿತು: ಹಿಂಬದಿಯ ಬಿಸಿಗಾಳಿ ಆ ಸಂದಿಯಿಂದ ಮುಂದಕ್ಕೆ ನುಗ್ಗಿ, ಪಕ್ಕದ ಸರ್ವರ್‌ನ ಬಾಯಿಗೆ ಹೋಗುತ್ತಿತ್ತು. ನೆಲದಡಿಯಿಂದ ಕೇಬಲ್ ಮೇಲೆ ಬರುವ ರಂಧ್ರಗಳಲ್ಲಿ ತಣ್ಣನೆಯ ಗಾಳಿ ವ್ಯರ್ಥವಾಗಿ ಸೋರುತ್ತಿತ್ತು. ಖಾಲಿ ಜಾಗಗಳಿಗೆ ಬ್ಲಾಂಕಿಂಗ್ ಪ್ಯಾನೆಲ್ ಎಂಬ ಮುಚ್ಚುಫಲಕ, ರಂಧ್ರಗಳಿಗೆ ಬ್ರಷ್ ಮುಚ್ಚಳ, ತಣ್ಣನೆಯ ಗಾಳಿ ಬರುವ ಓಣಿಯಾದ ಕೋಲ್ಡ್ ಐಲ್‌ನ ಎರಡೂ ತುದಿಗೆ ಬಾಗಿಲು ಹಾಕಿಸಿದೆವು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದೂ ಅತಿ ಹೆಚ್ಚು ಫಲ ಕೊಟ್ಟಿದ್ದೂ ಇದೇ. ಗಾಳಿಯ ಪ್ರಮಾಣ ಕಡಿಮೆ ಸಾಕಾದ ಮೇಲೆ ಫ್ಯಾನ್‌ಗಳ ವೇಗ ಇಳಿಸಬಹುದು. ಫ್ಯಾನ್ ಎಳೆಯುವ ವಿದ್ಯುತ್ತು ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗ ಶೇ 80ಕ್ಕೆ ಇಳಿದರೆ ಬಳಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆಮೇಲಷ್ಟೇ ಉಷ್ಣಾಂಶಕ್ಕೆ ಕೈ ಹಾಕಿದೆವು. ಸರ್ವರ್‌ಗೆ ಒಳಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬಹುದೆಂದು ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಸ್ಥೆ ಆಶ್ರೇ 2008ರಿಂದಲೂ ಶಿಫಾರಸು ಮಾಡುತ್ತ ಬಂದಿದೆ. ಆದರೂ ಸರ್ವರ್ ಕೋಣೆ ಎಂದರೆ ನಡುಕ ಹುಟ್ಟಿಸುವಷ್ಟು ತಣ್ಣಗಿರಬೇಕು ಎಂಬ ನಂಬಿಕೆ ಬಲವಾಗಿದೆ. ಗ್ರಾಹಕರಿಗೆ ಮೊದಲೇ ತಿಳಿಸಿ, ಅರ್ಧರ್ಧ ಡಿಗ್ರಿ ಏರಿಸಿ, ಪ್ರತಿ ಬಾರಿಯೂ ರ‍್ಯಾಕ್‌ನ ಮೇಲ್ತುದಿಯ ಸೆನ್ಸರ್ ಸ್ಥಿರವಾಗುವವರೆಗೆ ಕಾದೆವು.

ಪಿಯುಇ ಎಂದರೆ ಇಡೀ ಕೇಂದ್ರ ಬಳಸಿದ ವಿದ್ಯುತ್ತನ್ನು ಕಂಪ್ಯೂಟರ್ ಉಪಕರಣಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿದ ಸಂಖ್ಯೆ. ಅದು 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು ಎನ್ನುತ್ತಾರೆ. ಆದರೆ ಗಾಳಿ ಬಿಸಿಯಾದಂತೆ ಸರ್ವರ್‌ನೊಳಗಿನ ಪುಟ್ಟ ಫ್ಯಾನ್‌ಗಳು ಜೋರಾಗಿ ತಿರುಗತೊಡಗುತ್ತವೆ, ಮತ್ತು ಅವುಗಳ ಬಳಕೆ ಕಂಪ್ಯೂಟರ್ ಉಪಕರಣಗಳ ಲೆಕ್ಕಕ್ಕೇ ಸೇರುತ್ತದೆ. ಹೀಗಾಗಿ ಒಂದು ಹಂತ ದಾಟಿದ ಮೇಲೆ ಪಿಯುಇ ಇನ್ನೂ ಇಳಿಯುತ್ತಿದ್ದರೂ ಮುಖ್ಯ ಮೀಟರಿನ ಯೂನಿಟ್‌ಗಳು ಏರಲು ಆರಂಭಿಸಿದವು. ನಾವು ಆ ಹಂತಕ್ಕೂ ಕೆಳಗೇ ನಿಂತೆವು. ವರದಿಯಲ್ಲಿ ಪಿಯುಇ ಒಂದನ್ನೇ ಬರೆಯುವ ಪದ್ಧತಿಯನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ಇನ್ನೊಂದು ಕಾರಣ ನೀರು. ಕೂಲಿಂಗ್ ಟವರ್‌ನಲ್ಲಿ ಒಂದು ಯೂನಿಟ್‌ನಷ್ಟು ಶಾಖವನ್ನು ಆವಿಯ ಮೂಲಕವೇ ಕಳೆಯಬೇಕಾದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. 1 ಮೆಗಾವ್ಯಾಟ್ ಶಾಖಕ್ಕೆ ದಿನಕ್ಕೆ ಸರಿಸುಮಾರು 36,000 ಲೀಟರ್. ಪಿಯುಇಯಲ್ಲಿ ಇದರ ಸುಳಿವೇ ಇರುವುದಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್‌ಗಾಗಿ ಕಾಯುತ್ತಿದ್ದಾಗ, ಕುಡಿಯುವ ನೀರನ್ನು ಆವಿ ಮಾಡುವುದು ನನಗೆ ಸಹಿಸಲಾಗದ ಮಾತಾಯಿತು. ಸಂಸ್ಕರಿಸಿದ ಕೊಳಚೆ ನೀರಿಗೆ ಬದಲಾದೆವು. ಅದರಲ್ಲಿ ಲವಣಾಂಶ ಹೆಚ್ಚಿರುವುದರಿಂದ ಕೊಳವೆಗಳೊಳಗೆ ಗಾರೆಯಂಥ ಲವಣದ ಪದರ ಕಟ್ಟದಂತೆ ಮತ್ತೊಮ್ಮೆ ಸೋಸಬೇಕು, ಟವರ್‌ನಿಂದ ಹೆಚ್ಚು ನೀರು ಹೊರಬಿಡಬೇಕು. ನೀರೇ ಬೇಡದ, ಗಾಳಿಗೇ ಶಾಖ ಬಿಡುವ ತಂಪುಯಂತ್ರವಾದ ಏರ್ ಕೂಲ್ಡ್ ಚಿಲ್ಲರ್ ಹಾಕಬಹುದಿತ್ತು. ಆದರೆ ಅದು ಬೇಸಿಗೆಯ ಮಧ್ಯಾಹ್ನ ಹೆಚ್ಚು ವಿದ್ಯುತ್ತು ಬೇಡುತ್ತದೆ, ಆ ವಿದ್ಯುತ್ತಿನಲ್ಲಿ ಒಂದಷ್ಟು ಕಲ್ಲಿದ್ದಲಿನಿಂದ ಬರುತ್ತದೆ, ಕಲ್ಲಿದ್ದಲಿನ ಸ್ಥಾವರಕ್ಕೂ ನೀರು ಬೇಕು.

ಈಗ ಕೈಗೆತ್ತಿಕೊಂಡಿರುವುದು ಕೆಲಸವಿಲ್ಲದೆ ಓಡುತ್ತಿರುವ ಸರ್ವರ್‌ಗಳನ್ನು. ಅಂಥ ಒಂದನ್ನು ನಿಲ್ಲಿಸಿದರೆ ಅದರ ವಿದ್ಯುತ್ತಿನ ಜೊತೆಗೆ ಅದನ್ನು ತಣ್ಣಗಿಡುವ ವಿದ್ಯುತ್ತೂ ನೀರೂ ಉಳಿಯುತ್ತವೆ. ಯಾರದೆಂದು ಗೊತ್ತಾಗದ ಯಂತ್ರಗಳ ಪಟ್ಟಿಯನ್ನು ಗ್ರಾಹಕರಿಗೆ ಕಳಿಸುತ್ತೇವೆ. ಅವರ ಒಪ್ಪಿಗೆ ಪಡೆದು ಮೊದಲು ನೆಟ್‌ವರ್ಕ್ ಕೇಬಲ್ ಮಾತ್ರ ಬಿಚ್ಚುತ್ತೇವೆ, ಒಂದು ತಿಂಗಳ ಬಿಲ್ಲಿಂಗ್ ಸುತ್ತು ಮುಗಿಯುವವರೆಗೂ ಯಾರೂ ಕೇಳದಿದ್ದರೆ ಪವರ್ ತೆಗೆಯುತ್ತೇವೆ.